ಲುಂಬಿನಿಗೆ ಹೋಗದೆ ಬಂದ ಗೌತಮಿ

ಕಲಬುರಗಿಯಿಂದ ಕಮಲಾಪುರಕ್ಕೆ ಬಸ್ಸಿಗೆ ಒಂದು ತಾಸು. ಆ ತಾಸಿನುದ್ದಕ್ಕೂ ಗೌತಮಿ ಒಂದೇ ಸುಳ್ಳನ್ನು ಮನಸ್ಸಿನಲ್ಲೇ ಒಗೆದು, ಹಿಂಡಿ, ಒಣಹಾಕುತ್ತಿದ್ದಳು. ತಾನು ಲುಂಬಿನಿಗೆ ಹೋಗಿ ಬಂದೆ ಎಂಬುದು ಆ ಸುಳ್ಳು. ನೇಪಾಳಕ್ಕೆ ಹೋಗಿದ್ದೇನೋ ಹೌದು. ಆದರೆ ಹೋಗಿದ್ದು ಕಾಳಿ ಗಂಡಕಿ ಎಂಬ ಹುಚ್ಚು ಹೊಳೆಯಲ್ಲಿ ಮೂರು ದಿನ ರಬ್ಬರ್ ದೋಣಿಗೆ ಹುಟ್ಟು ಹಾಕಲು.

ತಾಯಿ ಮಾನಮ್ಮನಿಗೆ ನೀರೆಂದರೆ ಆಗದು. ಗೌತಮಿ ಹುಟ್ಟುವ ಮೊದಲೇ ಮಾನಮ್ಮನ ತಮ್ಮ ಕಪಿಲ, ಊರಾಚೆಯ ಕಲ್ಲಿನ ಖಣಿಯಲ್ಲಿ ನಿಂತ ಮಳೆನೀರಿಗೆ ಈಜಲು ಇಳಿದವನು, ಮೇಲೆ ಬರಲಿಲ್ಲ. ಆಗ ಅವನಿಗೆ ಹದಿನಾರು. ಅಂದಿನಿಂದ ಮಾನಮ್ಮನಿಗೆ ಬಾವಿ ಕಂಡರೂ ಎದೆ ಝಲ್ಲೆನ್ನುತ್ತದೆ. ಶಾಲೆಯ ಪ್ರವಾಸದಲ್ಲಿ ಕೆರೆಯ ಹೆಸರಿದ್ದರೆ ಸಾಕು, ಆ ದಿನ ಮಗಳಿಗೆ ಜ್ವರ ಬರಿಸಿಬಿಡುತ್ತಿದ್ದಳು. ಹೀಗೆ ಬೆಳೆದ ಹುಡುಗಿಗೆ ನೀರಿನ ಹುಚ್ಚು ಹಿಡಿಯದೆ ಇನ್ನೇನು ಹಿಡಿದೀತು? ಜೇವರ್ಗಿ ಕಾಲೋನಿಯ ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿ ಸೇರಿದ ವರ್ಷವೇ ಗುಟ್ಟಾಗಿ ಈಜು ಕಲಿತಳು. ಜೊತೆಗೆ ಕೆಲಸ ಮಾಡುವ ಫರ್ಹೀನ್ ನೇಪಾಳದ ಮಾತೆತ್ತಿದಾಗ ಹಿಂದೆಮುಂದೆ ನೋಡದೆ ಹ್ಞೂಂ ಅಂದಳು.

ಅವ್ವನಿಗೆ ಏನು ಹೇಳುವುದು? ನೇಪಾಳದಲ್ಲಿ ಲುಂಬಿನಿಯೂ ಇದೆಯಲ್ಲ. ಬುದ್ಧ ಹುಟ್ಟಿದ ಜಾಗಕ್ಕೆ ಹೋಗುತ್ತೇನೆಂದರೆ ಮಾನಮ್ಮ ಬೇಡ ಅಂದಾಳೆಯೇ? ಅನ್ನಲಿಲ್ಲ, ಅಲ್ಲೇ ಎಡವಟ್ಟಾಯಿತು. ಮಗಳು ಲುಂಬಿನಿಗೆ ಹೊರಟಿದ್ದಾಳೆಂದು ಓಣಿಯ ಮನೆಮನೆಗೂ ಹೇಳಿ ಬಂದಳು. ಉಟ್ಟುಕೊಳ್ಳಲು ಬಿಳಿ ಸೀರೆ ಕೊಡಿಸಿದಳು. ಕಪಿಲನ ಹೆಸರಿನಲ್ಲಿ ಹಚ್ಚು ಎಂದು ಒಂದು ಕಟ್ಟು ಮೇಣಬತ್ತಿ ಕೊಟ್ಟಳು. ಸಾಲದ್ದಕ್ಕೆ, ತಿರುಗಿ ಬಂದ ಮೇಲಿನ ಭಾನುವಾರ ಊರಿನ ಬುದ್ಧ ವಿಹಾರದಲ್ಲಿ ಮಗಳ ಬಾಯಿಂದಲೇ ಲುಂಬಿನಿಯ ವಿಷಯ ಹೇಳಿಸುತ್ತೇನೆಂದು ಎಲ್ಲರಿಗೂ ಮಾತು ಕೊಟ್ಟಳು.

ಹೊಳೆ ಮುಗಿಸಿ ಲುಂಬಿನಿ ನೋಡಿಯೇ ಬರುವುದೆಂದು ಗೌತಮಿ ನಿಶ್ಚಯಿಸಿದ್ದಳು. ಹಾಗಾಗಿದ್ದರೆ ಸುಳ್ಳು ಅರ್ಧಕ್ಕರ್ಧ ಕಡಿಮೆಯಾಗುತ್ತಿತ್ತು. ಆದರೆ ದಾರಿಗೆ ಗುಡ್ಡ ಕುಸಿದು ಒಂದಿಡೀ ದಿನ ಬಸ್ಸಿನಲ್ಲೇ ಹೋಯಿತು. ಗೋರಖಪುರದ ರೈಲು ಸಿಗಬೇಕೆಂದರೆ ಲುಂಬಿನಿ ಬಿಡಬೇಕು, ಬಿಟ್ಟರು. ಈಗ ಅವಳ ಚೀಲದಲ್ಲಿ ಅದೇ ಬೆಳಿಗ್ಗೆ ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಕೊಂಡ ಗೇಣುದ್ದದ ಬುದ್ಧನ ಮೂರ್ತಿ ಇತ್ತು. ಲುಂಬಿನಿಯದೆಂದು ಹೇಳಿದರಾಯಿತು ಎಂದು ಫರ್ಹೀನ್ ಧೈರ್ಯ ತುಂಬಿದ್ದಳು. ಈ ವ್ಯವಹಾರದಲ್ಲಿ ನಾನಿಲ್ಲ ಎಂಬಂತೆ ಬುದ್ಧ ಕಣ್ಣು ಮುಚ್ಚಿಕೊಂಡಿದ್ದ.

ಮನೆ ಮುಟ್ಟಿದಾಗ ಮಾನಮ್ಮ ತಂಬಿಗೆ ನೀರು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಪಕ್ಕದ ಮನೆಯ ಯಶೋಧರಾ ಟವೆಲ್ ಹಿಡಿದಿದ್ದಳು. ಗೌತಮಿ ತಂಬಿಗೆಗೆ ಕೈಚಾಚಿದರೆ ತಾಯಿ ಕೊಡಲಿಲ್ಲ. ತಾನೇ ಬಗ್ಗಿ ಮಗಳ ಪಾದ ತೊಳೆದಳು. ಅಂಥ ಜಾಗಕ್ಕೆ ಹೋಗಿ ಬಂದವರ ಕಾಲಿಗೆ ಹಿರಿಯರೂ ನಮಸ್ಕರಿಸುವುದು ಆ ಮನೆಯ ರೂಢಿ. ಅಜ್ಜಿ ನಾಗಪುರದ ದೀಕ್ಷಾಭೂಮಿಗೆ ಹೋಗಿ ಬಂದಾಗಲೂ ಹಾಗೇ ನಡೆದಿತ್ತು. ಗೌತಮಿಗೆ ಇದು ಮರೆತೇ ಹೋಗಿತ್ತು. ತಾಯಿಯ ಹಣೆ ಇನ್ನೇನು ಪಾದ ಮುಟ್ಟಬೇಕು, ಅವಳು ಕಾಲು ಹಿಂದಕ್ಕೆಳೆದುಕೊಂಡಳು.

“ಅವ್ವ, ಬ್ಯಾಡ. ನಾ ಲುಂಬಿನಿಗಿ ಹೋಗಿಲ್ಲ.”

ಯಶೋಧರಾ ಟವೆಲ್ಲನ್ನು ಅಲ್ಲೇ ಇಟ್ಟು, ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆಂದು ಹೊರಟುಹೋದಳು. ಒಳಗೆ ಕೂತು ಗೌತಮಿ ಎಲ್ಲವನ್ನೂ ಹೇಳಿದಳು. ಹೊಳೆ, ದೋಣಿ, ಹೆಲ್ಮೆಟ್ಟು, ಮರಳ ದಂಡೆಯ ಡೇರೆ. ಎರಡನೆಯ ದಿನ ಬಂಡೆಗೆ ಬಡಿದು ದೋಣಿ ಮಗುಚಿ ತಾನು ಅದರಡಿಗೆ ಸಿಕ್ಕಿದ್ದನ್ನೂ ಹೇಳಿದಳು. ಇನ್ನೇನನ್ನೂ ಮುಚ್ಚಿಡುವ ಶಕ್ತಿ ಅವಳಲ್ಲಿರಲಿಲ್ಲ. ಅವ್ವ ಬೈಯುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದು ಕಾದಳು. ಮಾನಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

“ನೀರಾಗ ಮುಳುಗಿದಾಗ ಭಾಳ ತ್ರಾಸ ಆಯ್ತೇನು?” ಅಂದಳು ಕಡೆಗೆ.

ಕೇಳುತ್ತಿರುವುದು ಯಾರ ವಿಷಯವೆಂದು ಗೌತಮಿಗೆ ಥಟ್ಟನೆ ಹೊಳೆಯಿತು. ಸಮಾಧಾನಕ್ಕೆ ಏನೋ ಒಂದು ಹೇಳಬಹುದಿತ್ತು. ಆದರೆ ಹೇಳಿದ ಸುಳ್ಳು ಒಂದು ಜನ್ಮಕ್ಕೆ ಸಾಕಾಗಿತ್ತು.

“ಮೊದಲ ಅಂಜಿಕಿ ಬಂತವ್ವ. ಮೂಗಿನಾಗ ನೀರ ಹೋಗಿ ಉರೀತು. ಆಮ್ಯಾಲ ಸದ್ದೆಲ್ಲಾ ನಿಂತೇ ಹೋಯ್ತು. ಮ್ಯಾಲ ಹಸರ ಬೆಳಕ ಕಾಣ್ತಿತ್ತು. ನಿನ್ನ ಮಾರಿ ನೆನಪಾಯ್ತು. ಆಗ ತ್ರಾಸ ಇದ್ದಿಲ್ಲ. ಅಷ್ಟರಾಗ ಯಾರೋ ಜಾಕೆಟ್ ಹಿಡದು ಎಳದರು.”

“ಖರೇ ಹೇಳಾಕತ್ತೀಯೇನು?”

“ಖರೇ ಅವ್ವ.”

ಮಾನಮ್ಮ ಗೋಡೆಗೆ ಬೆನ್ನು ಕೊಟ್ಟು ಅತ್ತಳು. ಅತ್ತು ಮುಗಿಸಿ, ಮುಖ ಒರೆಸಿಕೊಂಡು ಅಂದಳು: “ಅಕ್ಕಾ ಅಕ್ಕಾ ಅಂತ ಕೂಗಿ ಕೂಗಿ ಸತ್ತಿರ್ತಾನ ಅಂತ ಇಷ್ಟ ವರ್ಷ ತಿಳಕೊಂಡಿದ್ದೆ.” ಎದೆಯ ಮೇಲಿನ ಕಲ್ಲು ಇಳಿದವಳ ಹಾಗೆ ಉಸಿರು ಬಿಟ್ಟಳು. ಮೇಣಬತ್ತಿ ಏನು ಮಾಡಿದಿ ಎಂದು ಕೇಳಿದಳು. ಬದುಕಿ ಬಂದ ಆ ಸಂಜೆಯೇ ಹೊಳೆಯ ದಂಡೆಯಲ್ಲಿ ಮಾಮನ ಹೆಸರಿನಲ್ಲಿ ಹಚ್ಚಿದೆ, ಗಾಳಿಗೆ ನಾಲ್ಕು ಸಲ ಆರಿತು, ಐದನೆಯ ಸಲ ನಿಂತಿತು ಎಂದು ಗೌತಮಿ ಹೇಳಿದಳು. ಛಲೋ ಮಾಡಿದಿ ಎಂದು ಮಾನಮ್ಮ ಎದ್ದು ರೊಟ್ಟಿ ಬಡಿಯಲು ಹೋದಳು. ಗೌತಮಿಗೆ ವಾರದಲ್ಲೇ ಮೊದಲ ಸಲ ಹೊಟ್ಟೆ ಚುರುಗುಟ್ಟಿತು. ನಾಲ್ಕು ರೊಟ್ಟಿ ತಿಂದಳು.

ಭಾನುವಾರ ವಿಹಾರ ತುಂಬಿತ್ತು. ಮಾನಮ್ಮನೇ ಮೊದಲು ಎದ್ದು ನಿಂತು, ಮಗಳು ಲುಂಬಿನಿಗೆ ಹೋಗಲಿಲ್ಲ, ತನಗೆ ಸುಳ್ಳು ಹೇಳಿ ಹೊಳೆಗೆ ಹೋಗಿದ್ದಳು, ಮುಂದಿನ ವರ್ಷ ತನ್ನನ್ನೂ ಕರೆದುಕೊಂಡು ಲುಂಬಿನಿಗೆ ಹೋಗುತ್ತಾಳೆ, ಇವತ್ತು ಹೊಳೆಯ ವಿಷಯ ಕೇಳಿರಿ ಎಂದು ಹೇಳಿ ಮುಂದಿನ ಸಾಲಿನಲ್ಲಿ ಕೂತಳು. ಗೌತಮಿಯ ಕಿವಿ ಕೆಂಪಾದವು. ಆದರೂ ಹೇಳತೊಡಗಿದಳು. ದೋಣಿ ಮಗುಚುವ ಹೊತ್ತಿಗೆ ಎಲ್ಲರೂ ಉಸಿರು ಬಿಗಿಹಿಡಿದಿದ್ದರು. ಯಶೋಧರಾ ಹೆದರಿ ಮಾನಮ್ಮನ ತೋಳನ್ನೇ ಹಿಡಿದುಕೊಂಡಳು.

ಮಾನಮ್ಮ ಅವಳ ಕೈ ತಟ್ಟಿ ಮೆಲ್ಲಗೆ ಅಂದಳು: “ಅಂಜಬ್ಯಾಡ ತಂಗಿ. ಆಮ್ಯಾಲ ತ್ರಾಸ ಆಗಂಗಿಲ್ಲ.”