ಅತ್ತು ಮುಗಿಯುವವರೆಗೆ

“ಸೀಟು ಒರೆಸು ಅಂದ್ರೆ ಅದರ ಮೇಲೇ ಕುಂಡಿ ಊರ್ತೀಯಲ್ಲೇ, ಮುಂಡೇದೇ! ಏಳು ಮೇಲೆ! ಅಲ್ಲಿ ಕೂರೋರು ದುಡ್ಡು ಕೊಟ್ಟು ಬರೋರು!”

ಬೆಳಗಾದರೆ ಮೇಸ್ತ್ರಿಯ ಬಾಯಿ ತೆರೆಯುವುದೇ ಹೀಗೆ. ಜೀಪು ತೊಳೆಯುವವಳು ಎದ್ದಳು. ಮೂಲೆಗೆ ಕೈ ಎಟುಕಲಿ ಎಂದು ಅರೆಗಳಿಗೆ ಊರಿದ್ದಳು, ಅಷ್ಟೇ. ಆದರೂ ಆ ಸೀಟನ್ನು ಮತ್ತೆ ಸೋಪು ಹಾಕಿ ಉಜ್ಜಿಸಿದ ಪುಣ್ಯಾತ್ಮ.

ಪ್ರವಾಸಿಗಳನ್ನು ಕಾಡಿನೊಳಗೆ ಕರೆದೊಯ್ಯುವ ಜೀಪುಗಳು ಅವು. ಡ್ರೈವರುಗಳೋ ಮಹಾ ಸೋಮಾರಿಗಳು, ಶೆಡ್ಡಿನಿಂದ ನಲ್ಲಿಯವರೆಗೆ ಗಾಡಿ ತರುವುದಕ್ಕೂ ಮೈ ಬಗ್ಗದು. “ನೀನೇ ಸರಿಸ್ಕೊಳ್ಳಮ್ಮ” ಎಂದು ಕೀಲಿ ಎಸೆಯುತ್ತಿದ್ದರು. ಹಾಗಾಗಿ ಒಂದನೇ ಗೇರಿನಲ್ಲಿ ಮುಂದಕ್ಕೆ, ರಿವರ್ಸಿನಲ್ಲಿ ಹಿಂದಕ್ಕೆ, ಇಷ್ಟು ಅವಳಿಗೆ ಬರುತ್ತಿತ್ತು. ಆದರೆ ಗೇಟು ದಾಟುವಂತಿರಲಿಲ್ಲ. ಟೈರಿಗೆ ಮೆತ್ತಿಕೊಂಡು ಬರುವ ಮಣ್ಣೇ ಅವಳು ಕಂಡ ಕಾಡು.

ಅವಳ ಅತ್ತೆ ಹುಟ್ಟಿದ್ದೇ ಆ ಕಾಡಿನಲ್ಲಿ. ಗಂಡನನ್ನು ಕೆರೆದಂಡೆಯ ಮರವೊಂದರ ಬುಡದಲ್ಲಿ ಮಣ್ಣು ಮಾಡಿ ಕೈ ತೊಳೆಯುವಷ್ಟರಲ್ಲಿ ಲಾರಿಗಳು ಬಂದಿದ್ದವು. ಕಾಡಿನವರನ್ನೆಲ್ಲ ಪಾತ್ರೆಪಗಡದ ಜೊತೆ ತುಂಬಿಕೊಂಡು ಹೊರಗೆ ಸುರಿದಿದ್ದವು. “ಅಳೋಕೂ ಬಿಡಲಿಲ್ಲ ಕಣೇ ಪಾಪಿಗಳು. ಈ ಕಣ್ಣು ಪೂರ್ತಿ ಹೋಗೋಕೆ ಮುಂಚೆ ಒಂದ್ಸಲ ಅಲ್ಲಿ ಕೂತು ಅತ್ತುಬಿಟ್ರೆ ಸಾಕು,” ಅನ್ನುತ್ತಿದ್ದಳು ಮುದುಕಿ.

ಇವತ್ತು ಆ ಭಾಗ್ಯ ಬಂದಿತ್ತು. ‘ಕಾಡು ಎಲ್ಲರದು’ ಎಂದು ಬ್ಯಾನರು ಕಟ್ಟಿದ್ದರು. ಕಾಡು ಕಾಣದ ಬಡವರಿಗೆ ಕೆರೆಯವರೆಗೂ ಪುಕ್ಕಟೆ ಸವಾರಿಯಂತೆ! ಅತ್ತೆ ಒಗೆದ ಸೀರೆ ಉಟ್ಟು ಎಲ್ಲರಿಗಿಂತ ಮೊದಲೇ ಹತ್ತಿ ಮುಂದಿನ ಸೀಟು ಹಿಡಿದಿದ್ದಳು.

ಕಾರಿನಲ್ಲಿ ಬಂದಿಳಿದ ಅರಣ್ಯ ಇಲಾಖೆಯ ಸಾಹೇಬರು ಅವಳ ಹೆಗಲ ಮೇಲೆ ಕೈಯಿಟ್ಟು ಫೋಟೋ ತೆಗೆಸಿಕೊಂಡರು. ಆಮೇಲೆ ಆ ಕೈಯನ್ನು ಕರವಸ್ತ್ರಕ್ಕೆ ಒರೆಸಿಕೊಂಡರು.

“ಅಜ್ಜಿ, ಆನೆ ನೋಡಿದ್ದೀಯಾ?”

“ನಮ್ಮ ಹಿತ್ತಲಿಗೇ ಬರ್ತಿತ್ತು ಸ್ವಾಮಿ. ನಿಮ್ಮಷ್ಟು ಕಾಟ ಕೊಡ್ತಿರಲಿಲ್ಲ.”

ಹಿಂದಿನ ಸೀಟಿನವರು ಕಿಸಕ್ಕೆಂದರು. ಸಾಹೇಬರು ನಗಲಿಲ್ಲ, ಕಾರು ಹತ್ತಿ ಹೊರಟುಹೋದರು.

ಕಾರಿನ ಧೂಳು ಅಡಗುವ ಮೊದಲೇ ಮೇಸ್ತ್ರಿ ಬ್ಯಾನರು ಬಿಚ್ಚಿದ. “ಆಯ್ತು, ಇಳೀರಿ ಇಳೀರಿ! ಪ್ರವಾಸಿಗಳು ಕಾಯ್ತಿದ್ದಾರೆ.”

“ಕೆರೆಗೆ ಹೋಗಲ್ವಾ?” ಅತ್ತೆ ಕೇಳಿದಳು.

“ಯಾವ ಕೆರೆಯೇ? ಫೋಟೋ ಆಯ್ತಲ್ಲ!”

ಉಳಿದವರು ಒಬ್ಬೊಬ್ಬರೇ ಇಳಿದರು. ಅಭ್ಯಾಸವಾಗಿತ್ತು ಅವರಿಗೆ. ಅತ್ತೆ ಮಾತ್ರ ಎದುರಿನ ಕಂಬಿ ಹಿಡಿದು ಕೂತೇ ಇದ್ದಳು. ಮೇಸ್ತ್ರಿ ರಟ್ಟೆ ಹಿಡಿದು ಜಗ್ಗಿದ, ಸೀರೆಯ ಸೆರಗು ಹರಿಯಿತು.

“ಇಳಿಯೇ ಮುದಿ ಗೂಬೆ! ಇವಳ ನಾತಕ್ಕೆ ಇನ್ನೊಂದ್ಸಲ ತೊಳೆಸಬೇಕು. ಏ ಇವಳೇ, ನಿಮ್ಮತ್ತೇನ ಇಳಿಸಿ ಗಾಡಿ ನಲ್ಲಿ ಹತ್ರ ತಗೊಂಡ್ಹೋಗು!”

ಡ್ರೈವರುಗಳಂತೆ ಅವನೂ ಕೀಲಿ ಎಸೆದ. ಸೊಸೆ ಹಿಡಿದಳು. ಹರಿದ ಸೆರಗನ್ನೊಮ್ಮೆ ನೋಡಿದಳು. ಹತ್ತಿ ಕೂತು ಒಂದನೇ ಗೇರು ಹಾಕಿದಳು.

ಪ್ರವಾಸಿಗಳಿಗಾಗಿ ಗೇಟು ತೆರೆದೇ ಇತ್ತು. ಜೀಪು ನಲ್ಲಿಯ ಹತ್ತಿರ ಬಂತು, ನಲ್ಲಿಯನ್ನು ದಾಟಿತು, ಗೇಟನ್ನೂ ದಾಟಿತು.

“ಏಯ್! ಎಲ್ಲಿಗೇ? ಹಿಡೀರೋ ಅವಳನ್ನ!”

ಸೊಸೆ ಆಕ್ಸಿಲರೇಟರು ಒತ್ತಿದಳು. ಎಂಜಿನ್ನು ಅರಚುತ್ತಿತ್ತು.

“ಯಾಕೇ ಹೀಗೆ ಬಡ್ಕೊಳ್ಳುತ್ತೆ ಇದು?”

“ನಂಗೆ ಮುಂದಕ್ಕೆ ಒಂದೇ ಗೇರ್ ಬರೋದು ಅತ್ತೆ.”

“ಸಾಕು ಬಿಡು. ಎತ್ತಿನ ಗಾಡಿಗೆ ಎಷ್ಟು ಗೇರಿತ್ತು?”

ದಾರಿ ಕೆರೆಯ ಬಳಿ ಮುಗಿಯಿತು. ಅತ್ತೆ ಇಳಿದು ತಡವರಿಸುತ್ತಾ ನಡೆದು, ಒಂದು ಮರದ ಬುಡ ಮುಟ್ಟಿ, ಮುಟ್ಟಿದಲ್ಲೇ ಕುಸಿದು ಕೂತಳು. ಅಷ್ಟರಲ್ಲಿ, ಡ್ರೈವರನ್ನು ಹುಡುಕಿ ಹೊರಡಿಸಿದ ಇನ್ನೊಂದು ಜೀಪು ಹಿಂದೆ ಬಂದು ಕಿರ್ರೆಂದು ನಿಂತಿತು.

“ಏಳೇ ಬೋಳಿಮಗಳೇ!” ಮೇಸ್ತ್ರಿ ಹಾರಿ ಇಳಿದ.

ಸೊಸೆ ಸೀಟಿನಡಿಯ ಜಾಕಿ ರಾಡು ಹಿರಿದು ನಡುವೆ ನಿಂತಳು.

“ಅವರು ಅತ್ತು ಮುಗಿಸ್ಲಿ. ಆಮೇಲೆ ಪೊಲೀಸ್ರನ್ನ ಕರಿ, ನಿನ್ನ ಸಾಹೇಬನ್ನ ಕರಿ. ಅಲ್ಲಿವರೆಗೂ ಒಂದು ಹೆಜ್ಜೆ ಮುಂದೆ ಇಟ್ಟೆ ಅಂದ್ರೆ ಕಾಲು ಮುರೀತೀನಿ.”

ಮೇಸ್ತ್ರಿಯನ್ನು ಅವಳು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಅವನು ನಿಂತ.

ಅವಳ ಬೆನ್ನ ಹಿಂದೆ ಅತ್ತೆ ಗಂಟಲು ಬಿಚ್ಚಿ ಅಳತೊಡಗಿದಳು. ಬೇಗ ಮುಗಿಯುವ ಅಳುವಾಗಿರಲಿಲ್ಲ ಅದು.