ನಲವತ್ತು ಕಂಬ

ಸ್ವೀಡನ್ನಿನ ಅರ್ಧ ಸೈನ್ಯವನ್ನು ಒಂದೇ ಗಂಟೆಯಲ್ಲಿ, ಕುರ್ಚಿಯಿಂದ ಏಳದೆ, ಎಡಗೈಯಲ್ಲಿ ಕಾಫಿ ಹಿಡಿದುಕೊಂಡೇ ಮಣ್ಣು ಮುಕ್ಕಿಸಿದವನು ನಾನು. ಬೇಕಾದರೆ ನಮ್ಮೂರು ಕಯಾನಿಯಲ್ಲಿ ಯಾರನ್ನಾದರೂ ಕೇಳಿ. ಅವರಿಗೂ ನಾನೇ ಹೇಳಿದ್ದು.

ನಮ್ಮ ಮನೆಯ ಇಂಟರ್ನೆಟ್ ನನ್ನ ಕಂಪ್ಯೂಟರಿನ ಹೊಟ್ಟೆ ಹೊಕ್ಕೇ ಮುಂದೆ ಹೋಗಬೇಕಿತ್ತು. ಅಲ್ಲಿಂದ ಗೋಡೆಯ ತೂತಿನಲ್ಲಿ ತೂರಿಸಿದ ಕೇಬಲ್ಲು, ಮಹಡಿಯಲ್ಲಿದ್ದ ಮೇರ್ವಿ ಅಕ್ಕನ ಹಳೇ ಕಂಪ್ಯೂಟರಿಗೆ. ನನ್ನ ಪರದೆಯಲ್ಲೊಂದು ಪುಟ್ಟ ಚೌಕವಿತ್ತು. ಅದರಲ್ಲಿ ಗುರುತು ಹಾಕಿದರೆ ಅಕ್ಕನಿಗೆ ಇಂಟರ್ನೆಟ್, ತೆಗೆದರೆ ಇಲ್ಲ. ದೇಶದ ಅಧ್ಯಕ್ಷರಿಗೂ ಇಷ್ಟು ಅಧಿಕಾರವಿಲ್ಲ ಎಂದು ಬೀಗುತ್ತಿದ್ದೆ.

ಭಾವ ತರ್ಮೊ ಹೆಲ್ಸಿಂಕಿಯ ಆಸ್ಪತ್ರೆಯಲ್ಲಿದ್ದರು. ಗಂಟಲಿನ ಆಪರೇಷನ್ನಿನಲ್ಲಿ ದನಿಯೇ ಹೋಗಿತ್ತು. ಒಳಗೆ ಮೊಬೈಲ್ ಬಿಡುತ್ತಿರಲಿಲ್ಲ. ಅಕ್ಕನ ತೋಳಲ್ಲಿ ಹದಿನೈದು ದಿನದ ಕೂಸು, ಹೋಗುವಂತಿಲ್ಲ. ಶನಿವಾರ ಸಂಜೆ ಆರರಿಂದ ಏಳರವರೆಗೆ ವಾರ್ಡಿನ ಕಂಪ್ಯೂಟರು ಭಾವನ ಪಾಲಿಗೆ. ಅವರು ಅಲ್ಲಿ ಟೈಪ್ ಮಾಡುವುದು, ಇವಳು ಇಲ್ಲಿ ಉತ್ತರಿಸುವುದು. ಗಂಡಹೆಂಡಿರಿಗೆ ಉಳಿದಿದ್ದ ಮಾತು ಅಷ್ಟೇ. ಸೋಮವಾರ ಎರಡನೆಯ ಆಪರೇಷನ್ ಇತ್ತು.

ಆ ಶನಿವಾರ ಅಕ್ಕ ಮೆಟ್ಟಿಲ ಮೇಲಿಂದ ಕೂಗಿದಳು. "ಇಲ್ಮೊ, ಇಂಟರ್ನೆಟ್ ಬರ್ತಿಲ್ಲ ಕಣೋ!"

"ಇಡೀ ಊರಿಗೇ ಇಲ್ಲ ಅಕ್ಕಾ. ಹಿಮದ ಭಾರಕ್ಕೆ ಕಂಬ ಬಿದ್ದಿದೆಯಂತೆ. ಒಂದಲ್ಲ, ನಲವತ್ತು!"

"ದಮ್ಮಯ್ಯ, ಸ್ವಲ್ಪ ನೋಡೋ. ತರ್ಮೊ ಕಾಯ್ತಿರ್ತಾನೆ."

"ನೋಡಿ ಏನ್ಮಾಡ್ಲಿ? ಕಂಬ ನಾನು ಹೋಗಿ ಎತ್ತಿ ಹಿಡ್ಕೊಳ್ಳಲಾ?"

ಅವಳು ಮಾತಿಗಷ್ಟೇ ಬರುತ್ತಿದ್ದ ತನ್ನ ಹಳೇ ಮೊಬೈಲಿನಿಂದ ವಾರ್ಡಿಗೆ ಫೋನ್ ಮಾಡಿದಳು. ಯಾರೂ ಎತ್ತಲಿಲ್ಲ.

ಸೋಮವಾರ ಭಾವ ಆಪರೇಷನ್ ಮೇಜಿನ ಮೇಲೇ ತೀರಿಕೊಂಡರು.

ಮೂರು ವಾರದ ಮೇಲೆ (ನಮ್ಮಲ್ಲಿ ಹೂಳುವುದು ಅಷ್ಟು ತಡವೇ) ಭಾವನನ್ನು ಹೂಳಿ ಬಂದು ಎಲ್ಲರೂ ಕಾಫಿಗೆ ಕೂತಿದ್ದೆವು. ವಾಡಿಕೆಯಂತೆ ಅಕ್ಕ ಎದ್ದುನಿಂತು ಬಂದ ಸಂತಾಪದ ಕಾರ್ಡುಗಳನ್ನು ಒಂದೊಂದಾಗಿ ಓದುತ್ತಿದ್ದಳು. ಒಂದು ವಾರ್ಡಿನ ನರ್ಸ್ ಬರೆದದ್ದು: "ಆ ಶನಿವಾರ ಅವರು ಗಂಟೆಯಿಡೀ ಟೈಪ್ ಮಾಡಿದರು. ಒಂದೂ ಉತ್ತರ ಬರದಿದ್ದರೂ ನಿಲ್ಲಿಸಲಿಲ್ಲ."

ಚಮಚದ ಸದ್ದೂ ಇಲ್ಲ. ಮೌನ ನನಗೆ ಆಗುವುದಿಲ್ಲ. ಪಕ್ಕದಲ್ಲಿದ್ದ ದೊಡ್ಡಪ್ಪನ ಮಗ ಎಸ್ಕೊನ ಕಿವಿಗೆ ಬಾಗಿದೆ.

"ಇಂಟರ್ನೆಟ್ಟಿನ ಯುದ್ಧದಾಟದಲ್ಲಿ ಸ್ವೀಡನ್ನಿನವರನ್ನ ಬಡಿದಿದ್ದು ಹೇಳಿದ್ನಾ? ಅರ್ಧ ಸೈನ್ಯ!"

"ಯಾವಾಗ, ಬುರುಡೆದಾಸ?"

"ಭಾವ ಹೋಗೋಕೆ ಮುಂಚಿನ ಶನಿವಾರ. ಆರರಿಂದ ಏಳು."

ನನ್ನ ಪಿಸುಮಾತೂ ಡಂಗುರವೇ. ಅಕ್ಕ ಕಾರ್ಡನ್ನು ಮೇಜಿನ ಮೇಲಿಟ್ಟಳು.

"ನಲವತ್ತು ಕಂಬ ಬಿದ್ದಿತ್ತಲ್ಲೋ ಇಲ್ಮೊ. ಸ್ವೀಡನ್ನಿನವರು ಯಾವ ದಾರೀಲಿ ಬಂದ್ರು?"

ಮೂವತ್ತು ಸುಳ್ಳು ನಾಲಿಗೆಯ ತುದಿಗೆ ಬಂದವು. ಒಂದೂ ಈಚೆ ಬರಲಿಲ್ಲ.

"ಒಂದು ಕಂಬಾನೂ ಬಿದ್ದಿರ್ಲಿಲ್ಲ ಅಕ್ಕಾ. ನೀನು ಮಾತಿಗೆ ಕೂತ್ರೆ ನನ್ನ ಆಟ ತಡವರಿಸ್ತಿತ್ತು. ನಿನ್ನ ಇಂಟರ್ನೆಟ್ಟಿನ ಗುರುತು ನಾನೇ ತೆಗ್ದೆ."

ಅವಳು ನರ್ಸಿನ ಕಾರ್ಡನ್ನು ಮತ್ತೆ ಕೈಗೆತ್ತಿಕೊಂಡಳು.

"ಗೆದ್ಯಾ?"

"ಇಲ್ಲ," ಎಂದೆ. "ಸೈನ್ಯ ಏನೂ ಇರ್ಲಿಲ್ಲ. ಎದುರಿಗಿದ್ದ ಸ್ವೀಡನ್ನಿನವನು ಒಬ್ಬನೇ. ಅವನೇ ಗೆದ್ದ."