ಏಳು ಬಟ್ಟಲು ಬಿಸಿನೀರು

ಭೂಮಿಯ ನಡುಪಟ್ಟಿಯಲ್ಲಿ, ಅಂದರೆ ಸಮಭಾಜಕದ ಆಸುಪಾಸಿನಲ್ಲಿ, ಗಾಳಿ ಹೇಗೆ ಸುತ್ತುತ್ತದೆಂದು ಗಾಜಿನ ಪೆಟ್ಟಿಗೆಯಲ್ಲಿ ತೋರಿಸಿದರಷ್ಟೇ ಹೊಸ ಭೂಗೋಳ ಟೀಚರಿಗೆ ಕೆಲಸ ಕಾಯಂ. ಮುಖ್ಯೋಪಾಧ್ಯಾಯಿನಿ ಬರಲು ಹತ್ತೇ ನಿಮಿಷವಿತ್ತು. ಪೆಟ್ಟಿಗೆಯೊಳಗೆ ಬಿಟ್ಟಿದ್ದ ಊದುಬತ್ತಿಯ ಹೊಗೆಯೋ ದಿಕ್ಕು ತೋಚದೆ ಅಲ್ಲಲ್ಲೇ ತಡಕಾಡುತ್ತಿತ್ತು.

"ಅತ್ತಿಗೆ, ನನ್ನ ಕಥೆ ಮುಗೀತು!"

ಅದೇ ಶಾಲೆಯ ಲ್ಯಾಬ್ ಸಹಾಯಕಿಯಾಗಿದ್ದ ಅತ್ತಿಗೆ ಬಗ್ಗಿ ನೋಡಿದರು. "ಇದೇನೇ, ತಳದ ತುಂಬಾ ಬಿಸಿನೀರಿನ ಬಟ್ಟಲು?"

"ಒಂದು ಆರಿದ್ರೆ ಇನ್ನೊಂದಿರ್ಲಿ ಅಂತ ಏಳು ಇಟ್ಟೆ."

"ಒಂದೇ ಬಾಗಿಲಿಗೆ ಮೂರು ಬೀಗ ಹಾಕೋಳಲ್ವಾ ನೀನು! ಎಲ್ಲಾ ಕಡೆ ಒಂದೇ ಬಿಸಿ ಇದ್ರೆ ಹೊಗೆ ಯಾವ ಕಡೆ ಅಂತ ಹೋಗ್ಬೇಕು? ಮಧ್ಯದ್ದೊಂದು ಬಿಟ್ಟು ಎಲ್ಲಾ ತೆಗಿ. ಎರಡೂ ತುದಿಗೆ ಐಸ್ ಇಡು."

ಟೀಚರ್ ಹಾಗೇ ಮಾಡಿದಳು. ಹೊಗೆ ನಡುವಿನಿಂದ ಮೇಲೆದ್ದಿತು, ಮುಚ್ಚಳಕ್ಕೆ ತಲೆ ತಾಗಿ ಎರಡೂ ಬದಿಗೆ ಹರಿಯಿತು, ಐಸಿನ ಬಳಿ ಇಳಿದು ತಳ ಸವರುತ್ತಾ ನಡುವಿಗೇ ಓಡಿಬಂದು ಮತ್ತೆ ಮೇಲೆದ್ದಿತು!

"ಸುತ್ತುತ್ತಾ ಇದೆ ಅತ್ತಿಗೇ!" ಇಬ್ಬರೂ ಕೈಹಿಡಿದು ಗಿರಗಿರನೆ ತಿರುಗಿದರು.

ಬಾಗಿಲಲ್ಲಿ ಮುಖ್ಯೋಪಾಧ್ಯಾಯಿನಿ ಕೆಮ್ಮಿದರು. "ಪ್ರಯೋಗ ಯಾವುದಮ್ಮಾ, ಪೆಟ್ಟಿಗೆ ಒಳಗಿನದಾ, ಹೊರಗಿನದಾ?"

ಹೊಗೆ ಮೂರು ಸುತ್ತು ಬರುವುದನ್ನು ನೋಡಿ, ನಗುತ್ತಲೇ ಕಾಯಂ ಪತ್ರಕ್ಕೆ ಸಹಿ ಹಾಕಿದರು.

"ಮೇಡಂ, ಇನ್ನೂ ಆರು ಪ್ರತಿಗೆ ಸಹಿ ಹಾಕ್ತೀರಾ?" ಎಂದಳು ಟೀಚರ್.